ಇಪ್ಪತ್ತಮೂರನೆಯ ಸಾಲು

ಸೂಚನೆ, ಶಕುನ, ಕಾಣದ ಕೈ ಇವನ್ನೆಲ್ಲ ನಾನು ನಂಬಿದವಳಲ್ಲ. ಜತ್ತ ತಾಲೂಕಿನ ಬಿಳೂರ ಕಡೆಯ ಒಂದು ಅಂಗನವಾಡಿಯಲ್ಲಿ ಹದಿನೆಂಟು ವರ್ಷದಿಂದ ಮಕ್ಕಳನ್ನು ತೂಗುತ್ತ ಬಂದಿದ್ದೇನೆ; ಊರವರು ನನ್ನನ್ನು ‘ಬಾಯಾರ’ ಎಂದೇ ಕರೆಯುತ್ತಾರೆ. ಕೂಸು ಸೊರಗಿದರೆ ದೃಷ್ಟಿ ತಾಗಿದೆ ಎಂದು ಕರಿದಾರ ಕಟ್ಟುವವರಿಗೆ, ದೃಷ್ಟಿಯಲ್ಲ, ಹೊಟ್ಟೆಗೆ ಸಾಲುತ್ತಿಲ್ಲ ಎಂದು ತಿಳಿಹೇಳುವುದೇ ನನ್ನ ಕೆಲಸ. ಅದಕ್ಕೇ ಈ ಸಂಗತಿ ಹೇಳಲು ಇಷ್ಟು ದಿನ ಹಿಂಜರಿದೆ. ನೀವು ನಂಬದಿದ್ದರೂ ನನಗೆ ಬೇಸರವಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಮೂರು ವರ್ಷದ ಹಿಂದಿನ ಬೇಸಿಗೆ. ತಿಂಗಳ ತೂಕದ ದಿನ. ಬೆಳಿಗ್ಗೆ ಇಪ್ಪತ್ತೆರಡು ಮಕ್ಕಳು ಬಂದಿದ್ದವು. ಒಂದೊಂದನ್ನೇ ತೂಗಿ, ತೋಳಿಗೆ ಬಣ್ಣದ ಪಟ್ಟಿ ಸುತ್ತಿ ಅಳೆದು, ವಹಿಯಲ್ಲಿ ಬರೆದೆ. ಎಲ್ಲರೂ ಹೋದ ಮೇಲೆ ಅದನ್ನೇ ಮೊಬೈಲಿಗೆ ಏರಿಸಲು ಕುಳಿತೆ. ಇಪ್ಪತ್ತೆರಡು ಮುಗಿದರೂ ಕೆಳಗೆ ಇನ್ನೊಂದು ಸಾಲು ಉಳಿದಿತ್ತು: ಗಂಗಾ, ತಾಯಿ ಸುನಂದಾ, ಹದಿನಾಲ್ಕು ತಿಂಗಳು, ತೋಳು ಹತ್ತು ಪಾಯಿಂಟ್ ಎಂಟು ಸೆಂಟಿಮೀಟರ್.

ಹನ್ನೊಂದೂವರೆಗಿಂತ ಕಡಿಮೆಯಾದರೆ ಪಟ್ಟಿಯಲ್ಲಿ ಕೆಂಪು ಬರುತ್ತದೆ. ಅಂಥ ಕೂಸಿನ ಜೀವಕ್ಕೇ ಅಪಾಯ. ಅಕ್ಷರ ನನ್ನದೇ, ಪೆನ್ನೂ ನನ್ನದೇ. ಆದರೆ ಆ ಹೆಸರಿನ ಮಗುವನ್ನು ನಾನು ನೋಡಿರಲೇ ಇಲ್ಲ.

ನನ್ನ ಜೊತೆ ಅಡುಗೆ ಮಾಡುವ ಮಾಲವ್ವನನ್ನು ಕೇಳಿದೆ. ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಿ, “ಸುನಂದಾ ಅನ್ನಾಕಿ ಆಚಿ ವಸ್ತಿಯೊಳಗ ಒಬ್ಬಾಕಿ ಅದಾಳ್ರಿ. ಯಳವಿ ಊರಾಗಿನ ತವರಮನ್ಯಾಗಿದ್ಲು, ಮೊನ್ನೆ ಬಂದಾಳ. ಆದ್ರ ಆಕಿಗಿ ಕೂಸೆಲ್ಲಿ ಐತ್ರಿ?” ಎಂದಳು.

ಸುಮ್ಮನಿರಲಾಗಲಿಲ್ಲ. ಪಟ್ಟಿ ಹಿಡಿದುಕೊಂಡು ಆ ಉರಿಬಿಸಿಲಲ್ಲೇ ಹೊರಟೆ. ಹೊಲಗಳ ನಡುವೆ ಎರಡೇ ಮನೆ. ಅದರಲ್ಲಿ ಸುನಂದಾಳ ಮನೆಯ ಕದ ಹಾಕಿತ್ತು. ಬಹಳ ಹೊತ್ತು ಬಡಿದ ಮೇಲೆ ಸುನಂದಾಳ ಅತ್ತೆ ಅರ್ಧ ಕದ ತೆರೆದು ಅಡ್ಡ ನಿಂತಳು.

“ನಮ್ಮ ಮನ್ಯಾಗ ಕೂಸಿಲ್ರಿ ಬಾಯಾರ.”

ಒಳಗೆ ಏನೂ ಸದ್ದಿರಲಿಲ್ಲ. ತಪ್ಪಿ ಬಂದೆನೇನೋ ಎಂದುಕೊಂಡೆ. ಆದರೂ, “ಗಂಗಾನ್ನ ಒಮ್ಮಿ ನೋಡಿ ಹೋಗ್ತೀನ್ರಿ” ಎಂದುಬಿಟ್ಟೆ.

ಆಕೆಯ ಮುಖ ಕಪ್ಪಿಟ್ಟಿತು. “ಆ ಹೆಸರ ನಿಮಗ ಯಾರ ಹೇಳಿದ್ರು?”

ನಾನು ಉತ್ತರ ಕೊಡುವ ಮೊದಲೇ ಒಳಗಿನಿಂದ ಸುನಂದಾ ಬಂದಳು. ಹದಿನೇಳರ ಹುಡುಗಿ, ಮತ್ತೆ ಬಸುರಿ. ತೋಳಲ್ಲಿದ್ದ ಕೂಸು ಅಳುತ್ತಿರಲಿಲ್ಲ. ಕಣ್ಣಿಗೆ ನೊಣ ಕೂತರೂ ರೆಪ್ಪೆ ಬಡಿಯುತ್ತಿರಲಿಲ್ಲ. ಪಟ್ಟಿ ಸುತ್ತಿದೆ. ಹತ್ತು ಪಾಯಿಂಟ್ ಎಂಟು. ಬಿಚ್ಚಿ ಮತ್ತೆ ಸುತ್ತಿದೆ. ಅಷ್ಟೇ ಬಂತು.

“ಏನ ತಿನಸ್ತಿ?” ಎಂದೆ.

“ಚಾದಾಗ ಬಿಸ್ಕೀಟ ಅದ್ದಿ ಕೊಡ್ತೀನ್ರಿ. ಬಸುರಾದ ಮ್ಯಾಲ ಎದಿಹಾಲ ಬಿಡಸಂದ್ರು. ಎಂಟ ದಿನಾತು, ಒಂದ ಸವನ ಭೇದಿ ಆಗಾಕತ್ತೈತಿ.”

ಆಕೆಗೂ ಊಟ ಎಲ್ಲರದೂ ಆದ ಮೇಲೆ, ಉಳಿದರೆ. ಅಂಗನವಾಡಿಯಲ್ಲಿ ಹೆಸರು ಬರೆಸಿದ್ದರೆ ತಾಯಿಗೂ ಕೂಸಿಗೂ ಆಹಾರ ಸಿಗುತ್ತಿತ್ತು. ಬರೆಸಲು ಅತ್ತೆ ಬಿಟ್ಟಿರಲಿಲ್ಲ. ತಾಯಿಯ ವಯಸ್ಸು ಕೇಳುತ್ತಾರೆ, ಮದುವೆ ಮಾಡಿದವರ ಮೇಲೆ ಕೇಸಾಗುತ್ತದೆ ಎಂಬ ಅಂಜಿಕೆ. ಅದಕ್ಕಾಗಿ ಹೆರಿಗೆಯನ್ನೂ ತವರಲ್ಲೇ ಗುಟ್ಟಾಗಿ ಮಾಡಿಸಿ, ಕೂಸನ್ನು ರಾತ್ರಿ ಕರೆತಂದಿದ್ದರು.

ಕೂಸನ್ನು ಈಗಲೇ ಜತ್ತದ ದವಾಖಾನೆಗೆ ಒಯ್ಯಬೇಕೆಂದೆ. “ಜತ್ತಿಗಿ ಹೋದ್ರ ನಮ್ಮ ಗತಿ ಏನ್ರಿ?” ಎಂದು ಅತ್ತೆ ದಾರಿಗಡ್ಡ ನಿಂತಳು.

ಸುನಂದಾ ಮೊದಲ ಸಲ ತಲೆ ಎತ್ತಿದಳು. “ಅತ್ತಿ, ದಾರಿ ಬಿಡ್ರಿ. ನಾ ಹೊಂಟೀನಿ.”

ಸಿಕ್ಕ ಟಂಟಂ ಆಟೋ ಹತ್ತಿ ಜತ್ತದ ದವಾಖಾನೆ ಮುಟ್ಟುವವರೆಗೂ ನಾನು ಕೂಸಿನ ಎದೆಯ ಮೇಲಿಟ್ಟ ಕೈ ತೆಗೆಯಲಿಲ್ಲ. ಸಂಜೆಯ ತನಕ ತಡೆದಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಮೂರು ವಾರ ಅಲ್ಲಿಟ್ಟುಕೊಂಡು ಉಳಿಸಿ ಕಳಿಸಿದರು. ಗಂಗಾ ಈಗ ನನ್ನ ಅಂಗನವಾಡಿಗೇ ಬರುತ್ತಾಳೆ, ತಾಟು ಬಳಿದು ಉಣ್ಣುತ್ತಾಳೆ.

ಎಲ್ಲೋ ಕಿವಿಗೆ ಬಿದ್ದ ಹೆಸರನ್ನು ಅರಿವಿಲ್ಲದೆ ಬರೆದಿರಬಹುದು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಹೆಸರೇನೋ ಸರಿ. ತೋಳಿನ ಅಳತೆ?

ಆಮೇಲೆ ಆ ಮನೆಯಲ್ಲಿ ಬಾಲ್ಯವಿವಾಹದ ವಿಚಾರಣೆಯೂ ಆಯಿತು. ಪಕ್ಕದ ಮನೆಯ ಕಸ್ತೂರಿ, ಸುನಂದಾಳ ನೆಗೆಣ್ಣಿ, ಅವಳೇ ನನಗೆ ಸುದ್ದಿ ಮುಟ್ಟಿಸಿದಳೆಂದು ಅತ್ತೆಯ ನಂಬಿಕೆ. ಕಸ್ತೂರಿಯಲ್ಲವೆಂದು ನಾನು ಆಣೆ ಇಟ್ಟರೂ ಕೇಳಲಿಲ್ಲ. ಎರಡು ಮನೆಗಳ ನಡುವೆ ಮಾತಿಲ್ಲ, ನೀರಿಲ್ಲ.

ಹೋದ ತಿಂಗಳು ಕಸ್ತೂರಿ ಅಂಗನವಾಡಿಯ ಬಾಗಿಲಿಗೆ ಬಂದು ನಿಂತಿದ್ದಳು. ಒಳಗೆ ಕರೆದರೂ ಬರಲಿಲ್ಲ.

“ನಾ ಹೇಳಿಲ್ಲಂತ ನಿಮಗ ಗೊತ್ತೈತೆಲ್ರಿ ಬಾಯಾರ? ಹಂಗಾರ ಯಾರ ಹೇಳಿದ್ರು, ಅಷ್ಟ ಹೇಳಿಬಿಡ್ರಿ.”

ವಹಿಯ ಆ ಸಾಲಿನ ಸಂಗತಿ ಹೇಳಿದರೆ ನಂಬುತ್ತಾಳೋ ಎಂದು ನಾನು ಯೋಚಿಸುವಷ್ಟರಲ್ಲಿ ಆಕೆ ಸೆರಗು ತಲೆಗೆಳೆದುಕೊಂಡು ಹೊರಟುಹೋದಳು.