ಮೆಟ್ಟಿಲ ಕೆಳಗಿನ ಬಾಣಂತಿ

ಪಕ್ಕದ ಫ್ಲಾಟಿನಿಂದ ಇವತ್ತು ಬೆಳಿಗ್ಗೆ ಬೆಲ್ಲದಲ್ಲಿ ಅಳವಿ ಬೀಜ ಕುದಿಯುವ ವಾಸನೆ ಬಂತು. ಯಾರೋ ಹಡೆದಿದ್ದಾರೆ, ಬಾಣಂತಿಗೆ ಪಾಯಸವಾಗುತ್ತಿದೆ ಎಂದುಕೊಂಡೆ. ಮಣಿಕೊಂಡದ ಈ ಕಟ್ಟಡದಲ್ಲಿ ನೆರೆಮನೆಯ ಸುದ್ದಿ ತಿಳಿಯುವುದು ಮೂಗಿನಿಂದಲೇ. ಆ ಮೂಗು ನನ್ನನ್ನು ಸೀದಾ ಇದೇ ಊರಿನ ಮೆಹದಿಪಟ್ಟಣಕ್ಕೆ, ನನ್ನ ಓದಿನ ದಿನಗಳಿಗೆ ಒಯ್ದು ನಮ್ಮ ದೊಡ್ಡವ್ವನ ಒಲೆಯ ಮುಂದೆ ಕೂರಿಸಿತು.

ದೊಡ್ಡವ್ವ ಬೀದರ್ ಕಡೆಯಾಕೆ. ಆಕೆಯ ಬಾಡಿಗೆಮನೆಯಲ್ಲಿದ್ದುಕೊಂಡು ನಾನು ಕನ್ನಡ ಬಿ.ಎ. ಓದುತ್ತಿದ್ದೆ. ಬಾಯಿ ತೆರೆದವರ ವ್ಯಾಕರಣವನ್ನೆಲ್ಲ ತಿದ್ದುವ ಚಟ ಬೇರೆ. ಅದನ್ನೇ ಜಾಣತನವೆಂದು ನಂಬಿದ್ದೆ, ನಗಬೇಡಿ. ಒಂದು ದಿನ ಆಕೆ ಅಳವಿ ಪಾಯಸ ಕುದಿಸುತ್ತಿದ್ದಳು. ಯಾರಿಗೆಂದು ಕೇಳಿದರೆ, “ಮೆಟ್ಟಲ ಕೆಳಗಿನಾಕಿ ಹಡದಾಳವ್ವ” ಎಂದಳು. ಹೋಗಿ ನೋಡಿದರೆ ಬೀದಿನಾಯಿ, ಅದರ ಹೊಟ್ಟೆಗೆ ಅಂಟಿಕೊಂಡ ಮರಿಗಳು.

“ನಾಯಿ ಹಡಿಯೂದಿಲ್ಲ ದೊಡ್ಡವ್ವ, ಮರಿ ಹಾಕತೈತಿ” ಎಂದು ತಿದ್ದಿದೆ.

“ಹಾಕಾಕ ಅದೇನ ಕಸಾ ಏನ?”

ಎಂದವಳೇ ಪಾಯಸವನ್ನು ತಟ್ಟೆಗೆ ಸುರಿದು ಮೆಟ್ಟಿಲ ಕೆಳಗೆ ಒಯ್ದಳು.

ಅದೇ ಸಂಜೆ ಕೆಳಗಿನ ಮನೆಯಲ್ಲಿದ್ದ ಮಾಲೀಕರು ತಾಯಿಮರಿಗಳನ್ನು ಗೋಣಿಚೀಲದಲ್ಲಿ ತುಂಬಿ ಊರಾಚೆ ಬಿಟ್ಟುಬರಲು ಆಟೋ ಕರೆಸಿದರು. ಮಕ್ಕಳು ಓಡಾಡುವ ಮೆಟ್ಟಿಲು, ಕಚ್ಚಿದರೆ ಯಾರು ಹೊಣೆ ಎಂಬುದು ಅವರ ಮಾತು, ತಪ್ಪೆನ್ನಲಾಗದು. ದೊಡ್ಡವ್ವ ಅವರೊಡನೆ ವಾದಕ್ಕಿಳಿಯಲಿಲ್ಲ. ಒಳಗೆ ಹೋಗಿ ಅವರ ಹೆಂಡತಿಯ ಮುಂದೆ ನಿಂತು, ತನ್ನ ಹರಕುಮುರುಕು ಹಿಂದಿಯಲ್ಲಿ, “ಆಪಾ, ವೋ ಜಚ್ಚಾ ಹೈ” ಎಂದಳು. ಆಪಾ ಎಂದರೆ ಅಕ್ಕ, ಜಚ್ಚಾ ಎಂದರೆ ಬಾಣಂತಿ. ಹೆಂಗಸರಿಗಷ್ಟೇ ಹೇಳುವ ಮಾತು. ನಾನು ನಾಚಿಕೆಯಿಂದ ಗೋಡೆ ನೋಡುತ್ತಾ ನಿಂತೆ.

ಆಪಾ ನಗಲಿಲ್ಲ. ದುಪಟ್ಟಾ ಸರಿಮಾಡಿಕೊಂಡು ಹೊರಗೆ ಬಂದು ಗಂಡನಿಗೆ, “ಜಚ್ಚಾ ಕೂ ನಕ್ಕೋ ಉಠಾವೊ” ಎಂದರು. ಬಾಣಂತಿಯನ್ನು ಎಬ್ಬಿಸಬೇಡಿ. ಅಷ್ಟೇ. ಆಟೋ ಖಾಲಿ ಹೋಯಿತು.

ಆಮೇಲೆ ಇಬ್ಬರೂ ಮೆಟ್ಟಿಲ ಬಳಿ ಕೂತು ನಾಯಿಯ ಆರೈಕೆಯ ನೆಪದಲ್ಲಿ ಹರಟತೊಡಗಿದರು. ಒಮ್ಮೆ ಆಪಾ, ನಿನ್ನ ಬಾಣಂತನ ಯಾರು ಮಾಡಿದರು ಎಂದು ಕೇಳಿದರು. ದೊಡ್ಡವ್ವನಿಗೆ ಅಷ್ಟು ಹಿಂದಿ ಸಾಲದು. ನಾಯಿಯ ತಟ್ಟೆ ತೊಳೆಯುತ್ತಲೇ ನನಗೆ ಹೇಳಿದಳು:

“ಎಮ್ಮಿ ಮಾಡಿತು ಅಂತ ತಿಳಿಸಿ ಹೇಳವ್ವ. ಮೈಲಿಗಿ ಅಂತ ನನ್ನ ದನದ ಕೊಟ್ಟಿಗ್ಯಾಗ ಇಟ್ಟಿದ್ರು. ಭಾಳ ಚಳಿ. ಎಮ್ಮಿ ಬೆನ್ನಿಗಿ ಕೂಸಿನ್ನ ಆನಿಸಿ ಮಲಗತಿದ್ನಿ. ಅದು ಒಮ್ಮೆರ ಹೊರಳಲಿಲ್ಲ.”

ಹಿಂದಿಯಲ್ಲಿ ಹೇಳಲು ಹೋಗಿ ನಾನು ಅತ್ತುಬಿಟ್ಟೆ. ದೊಡ್ಡವ್ವ ಅಳಲಿಲ್ಲ, ತಟ್ಟೆ ಬೋರಲು ಹಾಕಿದಳು.

ಅಂದಿನಿಂದ ‘ಪ್ರಾಣಿದಯೆ’ ಎಂಬ ಪದ ನನಗೆ ಸೇರುವುದಿಲ್ಲ. ದಯೆ ತೋರಿಸಿದ್ದು ಯಾರು, ಯಾರಿಗೆ? ಈಗ ನನ್ನ ಬಾಯಲ್ಲಿ ನಾಯಿಬೆಕ್ಕುಗಳೂ ಹಡೆಯುತ್ತವೆ. ಮನೆಯವರು ನಕ್ಕರೆ ನಗಲಿ. ದೊಡ್ಡವ್ವ ಹೋಗಿ ವರ್ಷಗಳಾದವು. ತನ್ನ ಬಾಣಂತನ ಮಾಡಿದ ಎಮ್ಮೆಗೆ ಆಕೆ ಹೆಸರಿಡದೆ ಇರಲಿಕ್ಕಿಲ್ಲ. ಏನೆಂದು ಕರೆಯುತ್ತಿದ್ದಳೋ, ನಾನು ಕೇಳಲೇ ಇಲ್ಲ. ಈಗ ಕೇಳಬೇಕೆಂದರೆ ಹೇಳುವವರಿಲ್ಲ.