ಹಾರ ಹಾಕಿದ ನನ್ನ ಫೋಟೊ

ನನ್ನ ಫೋಟೊಕ್ಕೆ ಹಾರ ಹಾಕಿದ್ದನ್ನು ನಾನು ಮೊದಲು ಕಂಡದ್ದು ನಮ್ಮ ಮನೆಯ ಟಿವಿಯಲ್ಲೇ, ಒಂದು ಸಂಜೆ ಚಹಾ ಕುಡಿಯುತ್ತ ಕೂತಿದ್ದಾಗ.

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಹುಟ್ಟಿದವನು ನಾನು. ಅಪ್ಪನ ಮಗ್ಗದ ಮೇಲೆ ಕೆಲಸ ಕಲಿತು, ಎಪ್ಪತ್ತು ದಾಟಿದ ಮೇಲೂ ಸೀರೆ ನೇಯುತ್ತಿದ್ದೇನೆ. ನನ್ನ ಮುಖವನ್ನು ಯಾರೂ ಎರಡನೇ ಸಲ ತಿರುಗಿ ನೋಡಿದ್ದಿಲ್ಲ. ಅಂಥವನ ಮನೆಗೆ ಕಳೆದ ಚಳಿಗಾಲದಲ್ಲಿ ಜಾಹೀರಾತು ತೆಗೆಯುವವರು ಬಂದರು. ಯಾವುದೋ ವಿಮಾ ಕಂಪನಿಯದು ಎಂದರು. ಅವರಿಗೆ ಬೇಕಾಗಿದ್ದದ್ದು ಮಗ್ಗವಿರುವ ಒಂದು ಮನೆ ಮಾತ್ರ. ಆದರೆ ಅಜ್ಜನ ಪಾತ್ರ ಮಾಡಬೇಕಾದವನು ಜ್ವರ ಬಂದು ಹುಬ್ಬಳ್ಳಿಯಲ್ಲೇ ಉಳಿದುಬಿಟ್ಟಿದ್ದ. ನಾನು ಲಾಳಿ ಎಳೆಯುವುದನ್ನು ನೋಡುತ್ತ ನಿಂತಿದ್ದ ಅವರ ಮುಖ್ಯಸ್ಥ, ಇವರೇ ಇರಲಿ ಬಿಡಿ ಅಂದ.

ಮೊಮ್ಮಗಳಾಗಿ ಬಂದ ಹುಡುಗಿಯ ತಲೆಯ ಮೇಲೆ ಕೈ ಇಡಿಸಿದರು. ಅವಳ ಜೊತೆ ನಗಿಸಿದರು. ಕೊನೆಗೆ ಗೋಡೆಗೆ ಒರಗಿಸಿ ಒಂದು ಫೋಟೊ ತೆಗೆದುಕೊಂಡರು. ಅದು ನೆನಪಿಗೆ ಇರಬೇಕು ಎಂದು ನಾನು ತಿಳಿದಿದ್ದೆ. ಸಂಜೆಯ ಹೊತ್ತಿಗೆ ಗಂಟುಮೂಟೆ ಕಟ್ಟಿಕೊಂಡು ಹೋದರು. ಓಣಿಯಲ್ಲಿ ನಾಲ್ಕು ದಿನ ಅದೇ ಮಾತಾಯಿತು, ಆಮೇಲೆ ಮರೆತೂಹೋಯಿತು.

ಆ ಸಂಜೆ ಟಿವಿಯಲ್ಲಿ ಮೊದಲು ನಮ್ಮ ಮಗ್ಗ ಬಂತು. ಸೊಸೆ ಕೂಗಿ ಎಲ್ಲರನ್ನೂ ಕರೆದಳು. ನಾನು ನಗುತ್ತಿದ್ದೆ, ಹುಡುಗಿಯ ತಲೆ ಸವರುತ್ತಿದ್ದೆ. ನೋಡುತ್ತಿದ್ದಂತೆ ಮಗ್ಗ ಬರಿದಾಯಿತು. ಗೋಡೆಯ ಮೇಲೆ ನನ್ನ ಫೋಟೊ, ಅದಕ್ಕೆ ಗಂಧದ ಹಾರ, ಹಣೆಗೆ ಕುಂಕುಮ, ಮುಂದೆ ಉರಿಯುವ ದೀಪ. ಹುಡುಗಿ ಕಾಲೇಜಿನ ಚೀಲ ಹೆಗಲಿಗೆ ಹಾಕಿಕೊಂಡು ಫೋಟೊಕ್ಕೆ ಕೈಮುಗಿದಳು. ಅಜ್ಜ ಹೋದರೂ ಅಜ್ಜನ ಆಸರೆ ಹೋಗುವುದಿಲ್ಲ ಎಂದು ಯಾವುದೋ ದನಿ ಹೇಳಿತು.

ನನ್ನ ಹೆಂಡತಿ ಎದ್ದು ಟಿವಿ ಆರಿಸಿದಳು. ಅವಳ ಇನ್ನೊಂದು ಕೈ ತನ್ನಷ್ಟಕ್ಕೆ ತಾನೇ ಕೊರಳ ತಾಳಿಯನ್ನು ಹಿಡಿದುಕೊಂಡಿತ್ತು.

“ಹಿಂಗ ಮಾಡ್ತೀವಂತ ನಿಮಗ ಹೇಳಿದ್ರೇನ್ರಿ ಅವರು?” ಎಂದು ಕೇಳಿದಳು.

ಇಲ್ಲ ಎಂದೆ. ಮರುದಿನವೇ ಅವಳು ಕಾಲಕಾಲೇಶ್ವರನಿಗೆ ಹರಕೆ ಹೊತ್ತಳು. ಯಮನನ್ನೇ ಗೆದ್ದ ದೇವರು ಅವನು, ನನ್ನನ್ನು ಉಳಿಸಿಕೊಡುತ್ತಾನೆ ಎಂಬ ನಂಬಿಕೆ ಅವಳದು. ಆದರೆ ಅವನ ಗುಡಿಯಿರುವ ಗುಡ್ಡದ ಮೆಟ್ಟಿಲು ಹತ್ತಲು ಮಾತ್ರ ನನ್ನನ್ನು ಬಿಡಲಿಲ್ಲ. ತಾನೊಬ್ಬಳೇ ಹೋಗಿ ಬಂದಳು.

ಜಾಹೀರಾತು ಹಗಲೆಲ್ಲ ಬರತೊಡಗಿತು. ಚಹದಂಗಡಿಯಲ್ಲಿ ಜನ ನನ್ನ ಜೊತೆ ಸೆಲ್ಫಿ ತೆಗೆಸಿಕೊಂಡರು. ಸಂತೆಗೆ ಬಂದ ಹೆಂಗಸೊಬ್ಬಳು ನನ್ನನ್ನು ಕಂಡು ಎದೆ ಹಿಡಿದುಕೊಂಡು ನಿಂತುಬಿಟ್ಟಳು. ಗೆಳೆಯರು ಸಮಾಧಾನ ಹೇಳಿದರು: ಸತ್ತರೆಂಬ ಸುಳ್ಳು ಸುದ್ದಿ ಹಬ್ಬಿದವರ ಆಯುಷ್ಯ ಹೆಚ್ಚಾಗುತ್ತದಂತೆ. ಆ ಮಾತು ಕೇಳಿ ನಾನೂ ನಗುತ್ತಿದ್ದೆ. ಮನೆಗೆ ಬಂದು ಮಗ್ಗದಲ್ಲಿ ಕೂತರೆ ಮಾತ್ರ ಎಡ ಎದೆಯಲ್ಲಿ ಏನೋ ಹಿಡಿದಂತಾಗುತ್ತಿತ್ತು. ಅದು ಖರೆಯೇ ನೋವೋ, ಬರೀ ಅಂಜಿಕೆಯೋ ತಿಳಿಯುತ್ತಿರಲಿಲ್ಲ. ದವಾಖಾನೆಗೆ ಹೋಗಲೂ ಹೆದರಿಕೆ. ಅವರೇನಾದರೂ ಹೇಳಿಬಿಟ್ಟರೆ?

ಕಂಪನಿಯ ಮನುಷ್ಯನಿಗೆ ಮಗನಿಂದ ಫೋನ್ ಮಾಡಿಸಿದೆ. ಅವನು ಬಹಳ ಮರ್ಯಾದೆಯಿಂದಲೇ ಮಾತಾಡಿದ. ಜನ ಮೆಚ್ಚಿಕೊಂಡಿದ್ದಾರೆ, ಈಗ ನಿಲ್ಲಿಸಲು ಬರುವುದಿಲ್ಲ ಎಂದ.

ಹೀಗಿರುವಾಗ ಸವಡಿಯಿಂದ ಅಳಿಯನ ಫೋನ್ ಬಂತು. ಅಳಿಯ ಅಂದರೆ ನನ್ನ ಅಕ್ಕನ ಮಗ. ಅಕ್ಕ ನನಗಿಂತ ಬಹಳ ಹಿರಿಯಳು. ನಾನಿನ್ನೂ ಅಂಬೆಗಾಲಿಡುತ್ತಿದ್ದಾಗ ತಾಯಿ ತೀರಿಕೊಂಡಿದ್ದಳು, ಕಂಕುಳಲ್ಲಿ ಹೊತ್ತು ಬೆಳೆಸಿದವಳು ಅಕ್ಕನೇ. ಈಗ ಅವಳ ಕಣ್ಣು ಮಸುಕು, ಎದೆಯೂ ದುರ್ಬಲ. ಜಾಹೀರಾತಿನ ಸುದ್ದಿ ಅವಳ ಕಿವಿಗೆ ಹೋಗದಂತೆ ನೋಡಿಕೊಳ್ಳಲು ಅಳಿಯನಿಗೆ ಹೇಳಿದ್ದೆ. ಆದರೆ ಪಕ್ಕದ ಮನೆಯವರು ಅಭಿಮಾನದಿಂದ, ಅಜ್ಜಿ, ನಿಮ್ಮ ತಮ್ಮ ಟಿವಿಯಲ್ಲಿ ಬಂದಾನ ಬರ್ರಿ ಎಂದು ಕೈಹಿಡಿದು ಕರೆದುಕೊಂಡು ಹೋಗಿದ್ದರು. ಅಕ್ಕ ಟಿವಿಗೆ ಮುಖ ಹತ್ತಿಸಿ ನೋಡಿದಳಂತೆ. ನಂತರ ಯಾರಿಗೂ ಏನೂ ಹೇಳದೆ ಮನೆಗೆ ಬಂದು, ತಲೆಯ ಮೇಲೆ ತಣ್ಣೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಮೂಲೆಯಲ್ಲಿ ಕೂತಳಂತೆ.

“ಮಾವಾರ, ನಿನ್ನೆಯಿಂದ ಬಾಯಾಗ ಒಂದ ಹನಿ ನೀರ ಸೈತ ಹಾಕ್ಕೊಂಡಿಲ್ಲ. ನೀವ ಮಾತಾಡ್ರಿ” ಎಂದು ಅಳಿಯ ಫೋನನ್ನು ಅವಳ ಕಿವಿಗೆ ಹಿಡಿದ.

ಅಕ್ಕಾ, ನಾನು ಬದುಕಿದ್ದೇನೆ, ಅದು ನಾಟಕ ಎಂದು ಎಷ್ಟು ಹೇಳಿದರೂ ಅವಳಿಗೆ ನಂಬಿಕೆ ಬರಲಿಲ್ಲ. ಹಿಂದೆ ನರಗುಂದದಲ್ಲಿದ್ದ ನಮ್ಮಿಬ್ಬರ ನಡುವಿನ ಸೋದರಿ ತೀರಿಕೊಂಡಾಗ ಅಕ್ಕ ದವಾಖಾನೆಯಲ್ಲಿದ್ದಳು. ಡಾಕ್ಟರು ಬೇಡವೆಂದದ್ದಕ್ಕೆ ಮನೆಯವರು ಅವಳಿಗೆ ಸುದ್ದಿ ಮುಚ್ಚಿಟ್ಟಿದ್ದರು. ಈಗಲೂ ಹಾಗೆಯೇ ಎಂದು ಅವಳು ತಿಳಿದಿದ್ದಳು.

“ಅವನಂಥ ದನಿ ಯಾರರ ತಗೀತಾರು” ಎಂದಳು ಅಕ್ಕ. “ನನ್ನ ತಮ್ಮನ್ನ ಯಾವಾಗ ಮಣ್ಣ ಮಾಡಿದ್ರಿ, ಅಷ್ಟ ಹೇಳ್ರಿ.”

ಉಟ್ಟ ಬಟ್ಟೆಯಲ್ಲೇ ಬಸ್ ಸ್ಟ್ಯಾಂಡಿಗೆ ಓಡಿದೆ. ರೋಣದ ಬಸ್ಸು ಸಿಕ್ಕಿತು. ಗುಡ್ಡದ ಮೇಲಿನ ಗಾಳಿಯಂತ್ರಗಳು ಹಿಂದೆ ಸರಿದು ಎರೆಹೊಲಗಳು ಸುರುವಾಗುವ ಹೊತ್ತಿಗೆ ಕಂಡಕ್ಟರ್ ನನ್ನ ಗುರುತು ಹಿಡಿದುಬಿಟ್ಟ. ಬಸ್ಸಿಗೆ ಬಸ್ಸೇ ತಿರುಗಿತು. ಮೊಬೈಲುಗಳು ಹೊರಗೆ ಬಂದವು. ಟಿವಿಯಲ್ಲಿ ನಕ್ಕಂತೆ ನಗಬೇಕೆಂದು ಒಬ್ಬ ಕೇಳಿಕೊಂಡ. ನಾನು ನಕ್ಕೆ. ಯಾಕೆ ನಕ್ಕೆನೋ ಈಗಲೂ ಗೊತ್ತಿಲ್ಲ. ಅಷ್ಟರಲ್ಲಿ ಅಕ್ಕ ಇದ್ದಾಳೋ ಇಲ್ಲವೋ ಎಂಬುದು ನೆನಪಿಗೆ ಬಂತು. ಕಿಟಕಿಯ ಕಡೆ ಮುಖ ಮಾಡಿ ಕೂತೆ. ಹಿಂದಿನ ಸೀಟಿನಲ್ಲಿ ಒಬ್ಬ ತಾಯಿ ಮಗುವನ್ನು ನನ್ನಿಂದ ದೂರ ಎಳೆದುಕೊಂಡಳು.

ರೋಣದಲ್ಲಿ ಬಸ್ಸು ಬದಲಿಸಿ ಸವಡಿಯಲ್ಲಿ ಇಳಿದಾಗ ಅಳಿಯ ದಾರಿ ಕಾಯುತ್ತ ನಿಂತಿದ್ದ. ಅವಳು ಮಲಗಿಬಿಟ್ಟಿದ್ದಾಳೆ, ನಾಡಿ ಸಣ್ಣಗಾಗಿದೆ ಎಂದ. ಆಮೇಲೆ ಅಳುಕುತ್ತ ಇನ್ನೊಂದು ಮಾತು ಹೇಳಿದ: ನೀವು ಒಮ್ಮೆಲೇ ಎದುರಿಗೆ ಹೋಗಬೇಡಿ, ಹೆದರಿ ಏನಾದರೂ ಆದೀತು. ದಾರಿಯುದ್ದಕ್ಕೂ ನನ್ನನ್ನು ಕೊರೆಯುತ್ತಿದ್ದದ್ದೂ ಅದೇ. ಹೋಗದಿದ್ದರೆ ಅವಳು ಉಳಿಯುವುದಿಲ್ಲ, ಹೋದರೂ ಉಳಿಯದಿದ್ದರೆ?

ಹೊಸ್ತಿಲಲ್ಲಿ ನಿಂತೆ. ಒಳಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಅವಳ ಬೆನ್ನಷ್ಟೇ ಕಾಣುತ್ತಿತ್ತು. ಮೆಲ್ಲಗೆ ಅಕ್ಕಾ ಎಂದೆ. ಅವಳು ಹೊರಳಲಿಲ್ಲ, ಬೆಚ್ಚಲೂ ಇಲ್ಲ. ನಾನು ಬರುತ್ತೇನೆಂದು ಮೊದಲೇ ಗೊತ್ತಿದ್ದವಳಂತೆ ಮಾತಾಡಿದಳು.

“ಕರಿಯಾಕ ಬಂದೀಯೇನೋ ತಮ್ಮಾ? ತಡಿ, ಬರ್ತೀನಿ.”

ನನ್ನ ಜೀವಮಾನದಲ್ಲಿ ಅಷ್ಟು ಹೆದರಿದ್ದು ನೆನಪಿಲ್ಲ. ಹತ್ತಿರ ಹೋಗಿ ಕೈ ಹಿಡಿಯಬೇಕೆಂದವನು ಬಾಗಿಲ ಚೌಕಟ್ಟನ್ನೇ ಹಿಡಿದು ನಿಂತೆ. ನಾನು ಹಿಡಿದ ಕೈ ಹಿಡಿದುಕೊಂಡೇ ಅವಳು ಹೊರಟುಬಿಟ್ಟರೆ ಎನ್ನಿಸಿತು. ಸಣ್ಣವನಿದ್ದಾಗ ಮಗ್ಗದ ಮನೆಯಿಂದ ಬಂದು ಹೇಳುತ್ತಿದ್ದ ಮಾತೇ ಬಾಯಿಗೆ ಬಂತು.

“ಹಸಿವಾಗೇದ ಅಕ್ಕಾ. ರೊಟ್ಟಿ ಕೊಡು.”

ಆಮೇಲೆ ಅವಳ ಭುಜ ಅಲುಗಿತು. ಒಂದು ಕೈ ನೆಲಕ್ಕೂರಿ ಎದ್ದು ಕೂತಳು. ನನ್ನ ಮುಖ ಅವಳಿಗೆ ಕಾಣುತ್ತಿತ್ತೋ ಇಲ್ಲವೋ, ತನ್ನ ಸೊಸೆಯನ್ನು ಕರೆದು ರೊಟ್ಟಿ, ಪುಂಡಿಪಲ್ಲೆ ತರಲು ಹೇಳಿದಳು. ನಾನು ಅವಳೆದುರು ಕೂತು ತುತ್ತು ಬಾಯಿಗಿಟ್ಟೆ. ಅದು ಒಳಗೆ ಇಳಿಯಲೊಲ್ಲದು. ಅಕ್ಕ ಕೈ ಚಾಚಿ, ತಡಕಿ, ನನ್ನ ಗಂಟಲ ಮೇಲೆ ಬೆರಳಿಟ್ಟಳು. ಆ ಬೆರಳುಗಳು ಐಸಿನಂತಿದ್ದವು. ಕಷ್ಟಪಟ್ಟು ನುಂಗಿದೆ. ಅವಳ ಬೆರಳ ಕೆಳಗೆ ತುತ್ತು ಇಳಿಯಿತು. ಇನ್ನೊಂದು ತುತ್ತು ಎಂದು ಸನ್ನೆ ಮಾಡಿದಳು. ಅರ್ಧ ರೊಟ್ಟಿ ಮುಗಿಯುವ ತನಕ ಅವಳು ಕೈ ತೆಗೆಯಲಿಲ್ಲ.

ಆಮೇಲೆ ಸೊಸೆಗೆ ನೀರು ಕೇಳಿದಳು. ತನಗೆ. ಕುಡಿದು ತಂಬಿಗೆ ಕೆಳಗಿಟ್ಟ ಮೇಲೆಯೇ ಅವಳಿಗೆ ಅಳು ಬಂದದ್ದು.

“ಬದುಕಿದ್ದವ ಆ ಮಾಲಿ ಯಾಕ ಹಾಕಿಸ್ಕೊಂಡಿ?”

ನನಗೆ ಗೊತ್ತಿರಲಿಲ್ಲ ಎಂದೆ. ಅದು ನಿಜವೇ ಆಗಿತ್ತು, ಆದರೂ ಆ ಉತ್ತರ ಅವಳೆದುರು ಬಹಳ ಸಣ್ಣದಾಗಿ ಕೇಳಿಸಿತು.

ಕೆಲವು ದಿನಗಳ ಮೇಲೆ ಅಳಿಯನೇ ಅವಳನ್ನು ಗಜೇಂದ್ರಗಡಕ್ಕೆ ತಂದು ಬಿಟ್ಟ. ತಮ್ಮನ ಹತ್ತಿರವೇ ಇರುತ್ತೇನೆ ಎಂದು ಹಟ ಹಿಡಿದಿದ್ದಳಂತೆ. ನನ್ನ ಹೆಂಡತಿಗೆ ಇದರಿಂದ ಸಮಾಧಾನವೇ ಆಯಿತು, ಕಾವಲಿಗೆ ಇನ್ನೊಬ್ಬರು ಬಂದಂತೆ. ಬೇಸಿಗೆ ಮುಗಿಯುವಷ್ಟರಲ್ಲಿ ಜಾಹೀರಾತೂ ನಿಂತಿತು. ಹೊಸದೊಂದರಲ್ಲಿ ನಟಿಸಬೇಕೆಂದು ಬೇರೆ ಯಾರೋ ಕೇಳಿದರು. ಕತೆಯ ಕೊನೆಗೆ ಅಜ್ಜ ಏನಾಗುತ್ತಾನೆ ಎಂದು ನನ್ನ ಹೆಂಡತಿ ಫೋನ್ ಇಸಿದುಕೊಂಡು ಕೇಳಿದಳು. ಅವರು ನಕ್ಕರು. ಇವಳು ನಗದೆ ಫೋನ್ ಇಟ್ಟಳು.

ಅಕ್ಕ ಈಗ ಮಗ್ಗದ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಕೂರುತ್ತಾಳೆ. ಕಣ್ಣಿಗೆ ನೆಟ್ಟಗೆ ಏನೂ ಕಾಣದು. ಮಗ್ಗದ ಸದ್ದು ಕೇಳುತ್ತಿದ್ದರೆ ಸಾಕು ಅವಳಿಗೆ. ಎಳೆ ಹರಿದು ನಾನು ಕೈ ನಿಲ್ಲಿಸಿದರೆ ಸಾಕು, ಪಕ್ಕದಿಂದ “ಅದೀಯೇನೋ?” ಎಂಬ ಪ್ರಶ್ನೆ ಬರುತ್ತದೆ. “ಇಲ್ಲೇ ಅದೀನಿ ಅಕ್ಕಾ” ಎನ್ನುತ್ತೇನೆ. ನೀರು ಕುಡಿಯಲು ಏಳಬೇಕಾದರೂ ಹೇಳಿಯೇ ಏಳುತ್ತೇನೆ.

ಮೊನ್ನೆ ಮಧ್ಯಾಹ್ನ ಎಳೆ ಹರಿಯಿತು. ಗಂಟು ಹಾಕುತ್ತ ಅವಳ ಪ್ರಶ್ನೆಗೆ ಕಾದೆ. ಬರಲಿಲ್ಲ. ಕೈಯಲ್ಲಿದ್ದ ಎಳೆ ಬಿಟ್ಟು ಅವಳ ಕಡೆ ತಿರುಗಲು ನನಗೆ ಧೈರ್ಯ ಸಾಲಲಿಲ್ಲ. ಕೊನೆಗೆ ಮಗ್ಗದಿಂದ ಎದ್ದು ಬಂದು ಅವಳ ಬಳಿ ಬಗ್ಗಿ ಕೂತೆ. ಬಾಯಿ ಚೂರು ತೆರೆದು ನಿದ್ದೆ ಹೋಗಿದ್ದಳು. ಎದೆಯ ಮೇಲಿನ ಸೆರಗು ಬಹಳ ಸಣ್ಣಗೆ ಏರಿಳಿಯುತ್ತಿತ್ತು. ಅದನ್ನೇ ನೋಡುತ್ತ ಎಷ್ಟೋ ಹೊತ್ತು ಕೂತಿದ್ದೆ.