ಕುಂಗ್‌ಫು ಚಿತ್ರದ ಭಾರತೀಯ ಮಾಂತ್ರಿಕ

ಅಮೆರಿಕದ ಪಿಸ್ಕಾಟವೇ ಊರಿನ ನನ್ನ ಸೀರೆ ಅಂಗಡಿಗೆ ಒಮ್ಮೆ ಚೀನಾದ ಮುದುಕರೊಬ್ಬರು, ಕಾಲೇಜು ಓದುವ ಮೊಮ್ಮಗಳನ್ನು ಕರೆದುಕೊಂಡು ಬಂದರು. ಕೌಂಟರಿನ ಮೇಲೆ ತಮ್ಮದೇ ಒಂದು ಹಳೆಯ ಫೋಟೊ ಇಟ್ಟರು. ಮುಖಕ್ಕೆಲ್ಲ ಕಂದು ಬಣ್ಣ, ತಲೆಗೆ ಸ್ನಾನದ ಟವೆಲ್ ಸುತ್ತಿದಂಥ ಪೇಟ. ಯಾವುದೋ ಹಳೆಯ ಕುಂಗ್‌ಫು ಚಿತ್ರದಲ್ಲಿ ಅವರು ಭಾರತದಿಂದ ಬಂದ ದುಷ್ಟ ಮಾಂತ್ರಿಕನಾಗಿದ್ದರಂತೆ.

"ನಾನು ಯಾರಾದರೂ ಒಬ್ಬ ಭಾರತೀಯರಿಗೆ ಸಾರಿ ಹೇಳೋವರೆಗೂ ಇವಳು ಈ ಸಿನಿಮಾ ನೋಡಲ್ವಂತೆ. ನನ್ನ ಮುಖ ಪರದೆ ತುಂಬ ಬಂದದ್ದು ಇದೊಂದರಲ್ಲೇ. ಅದಕ್ಕೇ ಬಂದೆ, ಸಾರಿ," ಎಂದರು.

"ಸರಿ, ನನ್ನ ಅಂಗಡಿಗೇ ಯಾಕೆ ಬಂದ್ರಿ?"

"ನಿಮ್ಮ ಬಾಗಿಲಲ್ಲಿ ಪಾರ್ಕಿಂಗ್ ಸಿಕ್ತು."

ಇಷ್ಟು ನಿಜ ಹೇಳುವವರ ಮೇಲೆ ಕೋಪ ಮಾಡಿಕೊಳ್ಳುವುದು ಹೇಗೆ? "ಬಿಡಿ ಸಾರ್," ಎಂದೆ. "ನಮ್ಮ ಹಳೇ ಸಿನಿಮಾಗಳಲ್ಲೂ ಚೀನೀ ಸ್ಮಗ್ಲರ್ ಪಾರ್ಟನ್ನು ನಮ್ಮವರೇ ಜೋತುಮೀಸೆ ಅಂಟಿಸಿಕೊಂಡು ಮಾಡ್ತಿದ್ರು. ನಾವು ಕೂತು ಸೀಟಿ ಹೊಡೀತಿದ್ವಿ."

ಮುದುಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೊಮ್ಮಗಳು ಮಾತ್ರ ನಗಲಿಲ್ಲ.

"ಹಾಗಾದ್ರೆ ನೀವೂ ನನ್ನ ತಾತನಿಗೆ ಸಾರಿ ಹೇಳ್ಬೇಕು," ಎಂದಳು.

ಹೇಳಿದೆ. ಇವತ್ತೇ ಕೂತು ಆ ಸಿನಿಮಾ ನೋಡುತ್ತೇವೆಂದು ಇಬ್ಬರೂ ಖುಷಿಯಾಗಿ ಹೊರಟರು. ಒಂದು ಕರ್ಚೀಫನ್ನೂ ಕೊಳ್ಳದೆ ಹೋದವರಿಗೆ ಕ್ಷಮೆ ಕೇಳಿ ಕಳಿಸಿದ್ದು ನನ್ನ ಇಷ್ಟು ವರ್ಷದ ವ್ಯಾಪಾರದಲ್ಲಿ ಅದೇ ಮೊದಲು.